ಮಣಿ ಕೊಳ್ಳುವ ಮುಂಚೆ ತೂತು ನೋಡಿ

(ಮಣಿ ಸರ ಮಾಡಲು ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಹರಳು, ರತ್ನ ಅಂದ ತಕ್ಷಣ ಮಾತು ಬಣ್ಣದಿಂದ ಶುರುವಾಗುತ್ತದೆ. ಕೆಂಪು ಎಷ್ಟು ಕೆಂಪಗಿದೆ, ಪಚ್ಚೆ ಎಷ್ಟು ತಿಳಿಯಾಗಿದೆ, ಯಾವ ರಾಶಿಗೆ ಯಾವ ಕಲ್ಲು ಕೂಡಿಬರುತ್ತದೆ. ನಾನು ಇವತ್ತು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಮಣಿಯ ತೂತಿನಿಂದ.

ಉಂಗುರಕ್ಕೆ ಕೂರಿಸುವ ಹರಳಿಗೆ ತೂತು ಬೇಕಿಲ್ಲ. ಸರಕ್ಕೆ ಪೋಣಿಸುವ ಮಣಿಗೆ ಬೇಕೇ ಬೇಕು. ಮಣಿ ಮಾಡುವ ಕೆಲಸದಲ್ಲಿ ಅತಿ ಕಷ್ಟದ ಹಂತ ಅದೇ. ಕಲ್ಲನ್ನು ಒಡೆದು, ಕೆತ್ತಿ, ತಿಕ್ಕಿ ಆಕಾರಕ್ಕೆ ತಂದ ಮೇಲೆ ತೂತು ಕೊರೆಯಬೇಕು. ಅಲ್ಲಿ ಕಲ್ಲು ಸೀಳಿತು ಅಂದರೆ ಹಿಂದಿನ ಕೆಲಸವೆಲ್ಲ ನೀರುಪಾಲು.

ಇನ್ನೊಂದು ವಿಷಯ. ಮಣಿಯ ಹೊರಮೈಯನ್ನು ಎಷ್ಟು ಬೇಕಾದರೂ ತಿಕ್ಕಿ ಹೊಳೆಸಬಹುದು. ತೂತಿನ ಒಳಗೆ ಪಾಲಿಶ್ ಮಾಡುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಮಣಿ ಕಲ್ಲೋ ಗಾಜೋ, ಬಣ್ಣ ಹುಟ್ಟಿನಿಂದ ಬಂದದ್ದೋ ಆಮೇಲೆ ಹಾಕಿದ್ದೋ, ಕೆಲಸ ನಾಜೂಕಿನದೋ ಅವಸರದ್ದೋ, ನಾಳೆ ದಾರ ಕತ್ತರಿಸುತ್ತದೋ ಇಲ್ಲವೋ, ಇಷ್ಟನ್ನೂ ತೂತು ನೋಡಿ ತಕ್ಕಮಟ್ಟಿಗೆ ಹೇಳಬಹುದು. ಆದರೆ ನಾವು ಅಂಗಡಿಯಲ್ಲಿ ಏನು ಮಾಡುತ್ತೇವೆ? ಸರವನ್ನು ಬೆಳಕಿಗೆ ಹಿಡಿದು ನೋಡುತ್ತೇವೆ, ಕೊರಳಿಗೆ ಇಟ್ಟು ಕನ್ನಡಿ ನೋಡುತ್ತೇವೆ, ದರ ಕೇಳುತ್ತೇವೆ. ತೂತು ನೋಡುವವರು ಬಹಳ ಕಡಿಮೆ.

ಮೊದಲು ಗಟ್ಟಿತನದ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜ ತಜ್ಞ ಒಂದು ಪಟ್ಟಿ ಮಾಡಿದ. ಯಾವ ಕಲ್ಲು ಯಾವುದನ್ನು ಗೀರುತ್ತದೆ ಎನ್ನುವುದೇ ಅದರ ಆಧಾರ. 1ನೇ ಜಾಗದಲ್ಲಿ ಟಾಲ್ಕ್, 10ನೇ ಜಾಗದಲ್ಲಿ ವಜ್ರ. ಟಾಲ್ಕ್ ಅಂದರೆ ನಮ್ಮ ಬಳಪದ ಕಲ್ಲಿನಲ್ಲಿ ತುಂಬಿರುವ ಖನಿಜ. ಬೇಲೂರಿನ ಮದನಿಕೆಯರ ಕೊರಳಿನ ಸರದಲ್ಲಿ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುವ ಹಾಗೆ ಕೆತ್ತಲು ಸಾಧ್ಯವಾಗಿದ್ದರಲ್ಲಿ ಶಿಲ್ಪಿಯ ಕೈಯಷ್ಟೇ ಆ ಮೆತ್ತನೆ ಕಲ್ಲಿನ ಪಾಲೂ ಇದೆ.

ಮುತ್ತು ಈ ಪಟ್ಟಿಯಲ್ಲಿ 2.5ರಿಂದ 4.5ರವರೆಗೆ ಬರುತ್ತದೆ. ಹವಳ 3ರಿಂದ 4. ಗಾಜು 5.5ರ ಆಸುಪಾಸು. ಫಿರೋಜ ಎಂಬ ನೀಲಿ ಕಲ್ಲು 5ರಿಂದ 6. ಸ್ಫಟಿಕ, ನೇರಳೆ ಬಣ್ಣದ ಅಮೆಥಿಸ್ಟ್, ಹಕೀಕು ಅಂತ ಕರೆಯುವ ಅಗೇಟ್, ಕೆಂಪು ಬಣ್ಣದ ಕಾರ್ನೀಲಿಯನ್ ಎಲ್ಲ ಒಂದೇ ವಂಶ. ಎಲ್ಲವೂ ಸಿಲಿಕಾ, ಎಲ್ಲವೂ 7ರ ಹತ್ತಿರ. ಪಚ್ಚೆ 7.5ರಿಂದ 8. ಕೆಂಪು, ಅಂದರೆ ಮಾಣಿಕ್ಯ, ಮತ್ತು ನೀಲ 9. ಮಾಮೂಲಿ ಉಕ್ಕಿನ ಉಪಕರಣ 5.5ರಿಂದ 6.5. ಅಂದರೆ ಮುತ್ತು, ಹವಳವನ್ನು ಉಕ್ಕಿನ ಸೂಜಿಯಿಂದ ಕೊರೆಯಬಹುದು. ಅಗೇಟನ್ನು ಕೊರೆಯಲು ಹೋದರೆ ಸೂಜಿಯೇ ಸವೆಯುತ್ತದೆ.

ಹಾಗಾದರೆ ಕಬ್ಬಿಣವೇ ಗೊತ್ತಿಲ್ಲದ ಕಾಲದಲ್ಲಿ ಅಗೇಟ್ ಮಣಿಗೆ ತೂತು ಕೊರೆದವರು ಹೇಗೆ ಕೊರೆದರು?

ಒಂದು ಗಂಟೆಗೆ 2.5 ಮಿಲಿಮೀಟರ್

ಗುಜರಾತಿನ ಲೋಥಲ್ ಹೆಸರು ಕೇಳಿರುತ್ತೀರಿ, ಸಿಂಧೂ ಅಥವಾ ಹರಪ್ಪ ನಾಗರಿಕತೆಯ ಊರು. ಅಲ್ಲಿ 1955ರಿಂದ ಅಗೆಸಿದವರು ನಮ್ಮ ಕನ್ನಡದವರೇ ಆದ ಎಸ್.ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಲೋಥಲ್ ಅಂದರೆ ಎಲ್ಲರೂ ಹಡಗುಕಟ್ಟೆಯ ಬಗ್ಗೆ ಮಾತಾಡುತ್ತಾರೆ. ನನಗೆ ಅಲ್ಲಿನ ಮಣಿ ಕಾರ್ಖಾನೆ ದೊಡ್ಡದು. ಕೆಲಸದ ಅಂಗಳ, ಅದರ ಸುತ್ತ ಕೋಣೆಗಳು, ನೂರಾರು ಕಾರ್ನೀಲಿಯನ್ ಮಣಿಗಳು. ಕೆಲವು ಪೂರ್ತಿಯಾದವು, ಕೆಲವು ಕೆಲಸದ ನಡುವೆ ನಿಂತವು. ಪೂರ್ತಿಯಾದ ಮಣಿ ಮ್ಯೂಸಿಯಂಗೆ ಒಳ್ಳೆಯದು. ಕಸುಬು ಕಲಿಯುವವರಿಗೆ ಅರ್ಧಕ್ಕೆ ನಿಂತ ಮಣಿ ಒಳ್ಳೆಯದು. ಯಾವ ಹಂತದಲ್ಲಿ ಏನು ಮಾಡಿದರು ಅಂತ ಅದು ತೋರಿಸುತ್ತದೆ.

ಅದಕ್ಕೂ ಮುಂಚೆ, 1935-36ರಲ್ಲಿ, ಅರ್ನೆಸ್ಟ್ ಮೆಕೇ ಎಂಬ ಪುರಾತತ್ವಜ್ಞ ಸಿಂಧ್ ಪ್ರಾಂತ್ಯದ ಚನ್ಹುದಾರೋ ಎಂಬ ಇನ್ನೊಂದು ಹರಪ್ಪ ಕಾಲದ ಊರಲ್ಲಿ ಅಗೆಸಿದ್ದ. ಅಲ್ಲಿ ಉದ್ದುದ್ದ ಕಾರ್ನೀಲಿಯನ್ ಮಣಿಗಳ ಜೊತೆಗೆ ಅವನ್ನು ಕೊರೆದ ಕಲ್ಲಿನ ಮೊನೆಗಳೂ ಸಿಕ್ಕವು. ಹಸಿರು ಕಂದು ಬಣ್ಣದ, ಕಡ್ಡಿಯ ಹಾಗಿರುವ ಸಣ್ಣ ಕಲ್ಲುಗಳು. ಮುಂದೆ ಪುರಾತತ್ವಜ್ಞ ಜೊನಾಥನ್ ಮಾರ್ಕ್ ಕೆನೋಯರ್ ಮತ್ತು ಜೊತೆಗಾರರು ಆ ಕಲ್ಲನ್ನು ಪರೀಕ್ಷೆ ಮಾಡಿ, ಮೆಕೇಯ ನೆನಪಿಗೆ ಅದಕ್ಕೆ ಅರ್ನೆಸ್ಟೈಟ್ ಅಂತ ಹೆಸರಿಟ್ಟರು. ಹರಪ್ಪದ ಜನ ಒಂದು ಬಗೆಯ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ಇನ್ನಷ್ಟು ಗಟ್ಟಿ ಮಾಡಿಕೊಂಡು ಈ ಮೊನೆ ತಯಾರಿಸುತ್ತಿದ್ದರು ಎಂಬುದು ಅವರ ತೀರ್ಮಾನ. ಕಲ್ಲಿನಿಂದ ಕಲ್ಲು ಕೊರೆಯುವುದು. ಪ್ರಯೋಗ ಮಾಡಿ ನೋಡಿದಾಗ ಬಂದ ವೇಗ ಗಂಟೆಗೆ ಸುಮಾರು 2.5 ಮಿಲಿಮೀಟರ್.

ಈಗ ಲೆಕ್ಕ ಹಾಕಿ. 13 ಸೆಂಟಿಮೀಟರ್ ಉದ್ದದ ಮಣಿ ಅಂದರೆ ಕೊರೆಯುವುದಕ್ಕೇ 52 ಗಂಟೆ. ಕರಾಚಿ ಬಳಿಯ ಅಲ್ಲಾಹದಿನೋ ಎಂಬಲ್ಲಿ ಇಂಥ ಉದ್ದ ಮಣಿ 36 ಇರುವ ಸೊಂಟಪಟ್ಟಿಯೊಂದು ಸಿಕ್ಕಿದೆ. ಕಲ್ಲು ಕಾಯಿಸುವುದು, ಕೆತ್ತುವುದು, ಕೊರೆಯುವುದು, ಹೊಳಪು ಕೊಡುವುದು ಎಲ್ಲ ಸೇರಿ ಅದಕ್ಕೆ ಒಬ್ಬನ 480 ದಿನಕ್ಕಿಂತ ಜಾಸ್ತಿ ಕೆಲಸ ಹಿಡಿದಿರಬೇಕು ಅಂತ ಕೆನೋಯರ್ ಅಂದಾಜು ಮಾಡಿದ್ದಾರೆ. ಒಂದು ವರ್ಷ ನಾಲ್ಕು ತಿಂಗಳು! ಚಿನ್ನದಲ್ಲಿ ಮಾಡಿದ್ದರೆ ಇದರ ಒಂದು ಪಾಲು ಸಮಯ ಸಾಕಿತ್ತು. ಕಲ್ಲು ಚಿನ್ನಕ್ಕಿಂತ ಅಗ್ಗವೇ ಇರಬಹುದು. ಆ ಉದ್ದ ತೂತು ಅಗ್ಗವಲ್ಲ. ಇರಾಕಿನ ಉರ್‌ನಲ್ಲಿ ಲಿಯೊನಾರ್ಡ್ ವೂಲಿ ಅಗೆಸಿದ ರಾಜಮನೆತನದ ಸಮಾಧಿಗಳಲ್ಲಿ ಸಿಂಧೂ ಕಡೆಯ ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ. ಅಷ್ಟು ದೂರದವರು ತರಿಸಿಕೊಳ್ಳುತ್ತಿದ್ದದ್ದು ಕೆಂಪು ಕಲ್ಲಿಗೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಆ ಕೆಲಸ ತಮ್ಮಲ್ಲಿ ಮಾಡುವವರು ಇರಲಿಲ್ಲ, ಅದಕ್ಕೆ.

ತೂತಿನಿಂದ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ಸಂಶೋಧಕರು ತೂತಿನ ಒಳಗೆ ಸಿಲಿಕೋನ್ ಅಂಟು ತುಂಬಿ, ಗಟ್ಟಿಯಾದ ಮೇಲೆ ಹೊರಗೆಳೆಯುತ್ತಾರೆ. ತೂತಿನ ಅಚ್ಚು ಕೈಗೆ ಬರುತ್ತದೆ. ಅದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕಲ್ಲಿನ ಮೊನೆಯ ಗುರುತು ಬೇರೆ, ವಜ್ರದ ಮೊನೆಯ ಗುರುತು ಬೇರೆ. ವಜ್ರದ ಮೊನೆ ಸಮನಾದ ಸುತ್ತುಗೆರೆಗಳನ್ನು ಬಿಟ್ಟು ಹೋಗುತ್ತದೆ.

ಖಂಭಾತಿನ ಅಂಗಳದಲ್ಲಿ

ಲೋಥಲ್‌ನಿಂದ ಹೆಚ್ಚು ದೂರವಿಲ್ಲದ ಖಂಭಾತಿನಲ್ಲಿ ಈಗಲೂ ಅಗೇಟ್ ಮಣಿ ಮಾಡುತ್ತಾರೆ. ನಮ್ಮ ಕಡೆ ಹಕೀಕು ಅಂತ ಮಾರುವ ಕಲ್ಲಿನ ಬಹುಪಾಲು ಹಾದುಹೋಗುವುದು ಇಂಥ ಕೈಗಳಿಂದಲೇ. ಕಲ್ಲು ಸಿಗುವುದು ನರ್ಮದೆಯ ಬಳಿಯ ರತನಪುರದ ಗಣಿಗಳಲ್ಲಿ. ಅಲ್ಲಿ ಬಾವಾ ಗೋರ್ ಎಂಬ ಸಂತನ ದರ್ಗಾ ಇದೆ. ಆಫ್ರಿಕಾದಿಂದ ಬಂದ ಆತ ಅಗೇಟ್ ವ್ಯಾಪಾರ ಬೆಳೆಸಿದ ಅಂತ ಐತಿಹ್ಯ. ಆ ದರ್ಗಾದ ಸೇವೆಯಲ್ಲಿರುವವರು ಸಿದ್ದಿಗಳು. ನಮ್ಮ ಯಲ್ಲಾಪುರ, ಹಳಿಯಾಳದ ಕಾಡಿನ ಅಂಚಿನಲ್ಲೂ ಸಿದ್ದಿಗಳಿದ್ದಾರಲ್ಲ, ಅವರ ಹಿರಿಯರ ಹಾಗೆಯೇ ಇವರ ಹಿರಿಯರೂ ಆಫ್ರಿಕಾದಿಂದ ಬಂದವರು.

ಗಣಿಯಿಂದ ಬಂದ ಕಲ್ಲು ನೋಡಲು ಏನೂ ಚೆಂದವಿಲ್ಲ. ಮಂಕು ಹಳದಿ, ಬೂದು. ಅದನ್ನು ಬಹಳ ದಿನ ಬಿಸಿಲಿಗೆ ಹಾಕುತ್ತಾರೆ. ಒಳಗಿನ ತೇವ ಹೋಗಬೇಕು. ಆಮೇಲೆ ಮಣ್ಣಿನ ಮಡಕೆಯಲ್ಲಿಟ್ಟು, ಸಗಣಿಯ ಬೆರಣಿ ಅಥವಾ ಮರದ ಹೊಟ್ಟಿನ ಮೆಲ್ಲಗಿನ ಬೆಂಕಿಯಲ್ಲಿ ಕಾಯಿಸುತ್ತಾರೆ. ಕಲ್ಲಿನೊಳಗೆ ಹಳದಿ ಬಣ್ಣ ಕೊಡುವ ಕಬ್ಬಿಣದ ಅಂಶ ನೀರು ಕಳೆದುಕೊಂಡು ಕೆಂಪಾಗುತ್ತದೆ. ಅವಸರ ಮಾಡಿದರೆ ಕಲ್ಲು ಬಿರಿಯುತ್ತದೆ. ಸಾಕಷ್ಟು ಕೆಂಪಾಗದಿದ್ದರೆ ಮತ್ತೆ ಕಾಯಿಸುತ್ತಾರೆ. ಕಾರ್ನೀಲಿಯನ್ ಅಂತ ನಾವು ಕೊಳ್ಳುವುದರಲ್ಲಿ ಬಹಳಷ್ಟು ಹೀಗೆ ಕಾಯಿಸಿದ ಕಲ್ಲೇ. ಇದನ್ನು ಮೋಸ ಅನ್ನಬೇಡಿ. ಸಾವಿರಾರು ವರ್ಷದಿಂದ ನಡೆದು ಬಂದ ಪದ್ಧತಿ ಇದು.

ಕೆತ್ತುವ ರೀತಿಯೂ ನೋಡುವಂಥದ್ದು. ಚೂಪಾದ ಕಬ್ಬಿಣದ ಗೂಟವೊಂದನ್ನು ನೆಲಕ್ಕೆ ಓರೆಯಾಗಿ ನೆಟ್ಟಿರುತ್ತಾರೆ. ಕಲ್ಲನ್ನು ಅದರ ಮೊನೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ತಟ್ಟುತ್ತಾರೆ. ಏಟು ಬೀಳುವುದು ಈ ಬದಿಗೆ, ಚಕ್ಕೆ ಏಳುವುದು ಗೂಟ ತಾಗಿದ ಆ ಬದಿಗೆ. ಕೊಂಬು ಕಬ್ಬಿಣದ ಹಾಗೆ ಪೆಟ್ಟು ಕೊಡುವುದಿಲ್ಲ, ಸ್ವಲ್ಪ ಬಳುಕುತ್ತದೆ. ಅದಕ್ಕೇ ಕಲ್ಲು ಅಡ್ಡಾದಿಡ್ಡಿ ಸೀಳದೆ ಎಲೆಯಷ್ಟು ತೆಳ್ಳಗೆ ಚಕ್ಕೆ ಏಳುತ್ತದೆ.

ಕೊನೆಗೆ ತೂತು. ಮಣಿಯನ್ನು ಮರದ ಹಿಡಿಯಲ್ಲಿ ಬಿಗಿದು ಕೂರಿಸುತ್ತಾರೆ. ಕೊರೆಯುವ ಕಡ್ಡಿಗೆ ಬಿಲ್ಲಿನ ದಾರ ಸುತ್ತಿ ಬಿಲ್ಲನ್ನು ಹಿಂದೆ ಮುಂದೆ ಎಳೆದರೆ, ಮಜ್ಜಿಗೆ ಕಡೆಯುವ ಕಡಗೋಲಿನ ಹಾಗೆ ಕಡ್ಡಿ ಆ ಕಡೆ ಈ ಕಡೆ ತಿರುಗುತ್ತದೆ. ಕಡ್ಡಿಯ ತುದಿಯಲ್ಲಿ ಎರಡು ಪುಟ್ಟ ವಜ್ರದ ಚೂರು. ಜೊತೆಗೆ ಹನಿ ಹನಿ ನೀರು. ನೀರು ಮೊನೆಯನ್ನೂ ಕಲ್ಲನ್ನೂ ತಣ್ಣಗಿಡುತ್ತದೆ, ಪುಡಿಯನ್ನು ಹೊರಗೆ ತರುತ್ತದೆ. ಈ ಜೋಡಿ ವಜ್ರದ ಮೊನೆ ಹೊಸದಲ್ಲ, ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತು.

ಒಂದು ಕಡೆಯಿಂದಲೇ ಪೂರ್ತಿ ಕೊರೆಯುವುದಿಲ್ಲ. ಹಾಗೆ ಮಾಡಿದರೆ ಮೊನೆ ಆಚೆ ಹೊರಬೀಳುವಾಗ ತೂತಿನ ಬಾಯಿಯ ಸುತ್ತ ಚಕ್ಕೆ ಎದ್ದುಬಿಡುತ್ತದೆ. ಅದಕ್ಕೇ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ. ಎರಡೂ ಒಳಗೆ ಕೂಡಬೇಕು. ಕೂಡುವ ಜಾಗ ಎಷ್ಟೇ ಪಳಗಿದ ಕೈಯಾದರೂ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಹಳೇ ಅಗೇಟ್ ಮಣಿಯೊಂದು ಸಿಕ್ಕರೆ ತೆಳು ಸೂಜಿಯನ್ನು ಮೆಲ್ಲಗೆ ಒಳಗೆ ಬಿಟ್ಟು ನೋಡಿ. ನಡುವಿನಲ್ಲಿ ಎಲ್ಲೋ ಸಣ್ಣಗೆ ತಡೆಯುತ್ತದೆ. ಎರಡು ಕಡೆಯ ಕೆಲಸ ಸೇರಿದ ಜಾಗ ಅದು. ನನಗೆ ಮಣಿಯಲ್ಲಿ ಅತಿ ಇಷ್ಟದ ಜಾಗ ಯಾವುದು ಅಂತ ಕೇಳಿದರೆ ಅದನ್ನೇ ಹೇಳುತ್ತೇನೆ. ಈಗ ಯಂತ್ರದ ಡ್ರಿಲ್‌ಗಳು ಬಂದು ತೂತು ನೇರವಾಗಿ, ಒಂದೇ ಸಮನಾಗಿ ಇರುತ್ತದೆ. ಪೋಣಿಸುವವರಿಗೆ ಅದು ಅನುಕೂಲವೇ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಗೇಟ್ ಅಂದರೆ ಸಿಲಿಕಾ. ಒಣಗಲ್ಲನ್ನು ಎಮರಿ ಚಕ್ರಕ್ಕೆ ಕೊಟ್ಟು ತಿಕ್ಕುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಏಳುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಅಂತ ಕಾಯಿಲೆ. ವಾಸಿ ಮಾಡುವ ಔಷಧಿ ಇಲ್ಲ. ಜೊತೆಗೆ ಕ್ಷಯ ಬೇಗ ಅಂಟಿಕೊಳ್ಳುತ್ತದೆ. ಖಂಭಾತಿನಲ್ಲಿ ಈ ಕೆಲಸ ಮನೆಗಳಲ್ಲೇ ನಡೆಯುತ್ತದೆ. ಹಾಗಾಗಿ ತಿಕ್ಕುವವರು ಮಾತ್ರವಲ್ಲ, ಅದೇ ಮನೆಯ ಹೆಂಗಸರು, ಮಕ್ಕಳು, ಅಕ್ಕಪಕ್ಕದವರೂ ಅದೇ ಗಾಳಿ ಕುಡಿಯುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದನ್ನು ಅಧ್ಯಯನ ಮಾಡಿದೆ. ಧೂಳು ಹೀರುವ ಯಂತ್ರ ಅಳವಡಿಸಿದರೆ, ಒದ್ದೆ ಮಾಡಿಕೊಂಡು ತಿಕ್ಕಿದರೆ ಅಪಾಯ ಬಹಳ ತಗ್ಗುತ್ತದೆ. ಆದರೆ ಅದಕ್ಕೆ ದುಡ್ಡು ಬೇಕು. ಮಣಿಯ ಸರ ನೂರು ರೂಪಾಯಿಗೆ ಸಿಗುತ್ತದೆ ಅಂದರೆ ಆ ದುಡ್ಡು ಎಲ್ಲಿಂದ ಬರಬೇಕು? ನಾವು ಮಣಿ ಕೊಳ್ಳುವವರು ಕೊನೇ ರೂಪಾಯಿಯವರೆಗೂ ಚೌಕಾಸಿ ಮಾಡುವಾಗ ಇದು ತಲೆಯಲ್ಲಿರಬೇಕು. ಸಗಟಾಗಿ ಕೊಳ್ಳುವವರಂತೂ ತಯಾರಕರ ಹತ್ತಿರ ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳಲೇಬೇಕು.

ನಮ್ಮ ನೆಲಕ್ಕೂ ಈ ಕಲ್ಲು ಹೊಸದಲ್ಲ. ದಖ್ಖನಿನ ಕಪ್ಪು ಬಸಾಲ್ಟ್ ಬಂಡೆಯ ಪೊಳ್ಳುಗಳಲ್ಲಿ ಅಗೇಟ್ ಹುಟ್ಟುತ್ತದೆ. ಬಂಡೆ ಸವೆದ ಮೇಲೆ ಕೃಷ್ಣೆಯ ಪಾತ್ರದ ಜಲ್ಲಿಯಲ್ಲಿ ಉರುಳಿ ಬರುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿ ಅಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತದೆ, ಅಲ್ವಾ? ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ಕಲ್ಲಿನ ಮಣಿಗಳೂ ಸಿಕ್ಕವು. ಶಾಸನದಷ್ಟು ಅವುಗಳ ಬಗ್ಗೆ ಯಾರೂ ಮಾತಾಡಲಿಲ್ಲ.

ಕಿರೀಟದಲ್ಲೊಂದು ತೂತು

ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿ ದೊಡ್ಡ ಕೆಂಪು ಕಲ್ಲೊಂದಿದೆ. ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ ಅಂತ ಹೆಸರು. ಸುಮಾರು 170 ಕ್ಯಾರಟ್, ಅಂದರೆ 34 ಗ್ರಾಂ. ಅದು ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಕಲ್ಲು. ಇರಲಿ, ನಾನು ಹೇಳಹೊರಟಿದ್ದು ಅದಲ್ಲ. ಆ ಕಲ್ಲಿನ ಮೇಲ್ತುದಿಯಲ್ಲಿ ಒಂದು ತೂತಿದೆ. ಅದನ್ನು ಪುಟ್ಟ ಮಾಣಿಕ್ಯ ಇಟ್ಟು ಮುಚ್ಚಿದ್ದಾರೆ. ಅಂದರೆ ಕಿರೀಟ ಸೇರುವ ಮುಂಚೆ ಅದು ಯಾರದೋ ಕೊರಳಲ್ಲಿ ನೇತಾಡುತ್ತಿದ್ದ ಮಣಿ. 1367ರಲ್ಲಿ ಸ್ಪೇನಿನ ಕಡೆಯಿಂದ ಇಂಗ್ಲೆಂಡಿನ ರಾಜಕುಮಾರನ ಕೈಗೆ ಬಂದದ್ದು. ಈಗಿನ ತಜಿಕಿಸ್ತಾನದ ಬದಖ್ಷಾನ್ ಗಣಿಗಳು ಆ ಕಾಲದಲ್ಲಿ ಇಂಥ ಸ್ಪಿನೆಲ್‌ಗೆ ಹೆಸರಾಗಿದ್ದವು.

ನಮ್ಮ ಮೊಗಲರೂ ದೊಡ್ಡ ಸ್ಪಿನೆಲ್‌ಗಳನ್ನು ಹೀಗೇ ಇಟ್ಟುಕೊಂಡರು. ಮುಖ ಕೊಯ್ದು ಥಳಥಳಿಸುವ ಹಾಗೆ ಮಾಡಲಿಲ್ಲ. ಕಲ್ಲಿನ ಹುಟ್ಟು ಆಕಾರವನ್ನು ಹಾಗೇ ಬಿಟ್ಟು, ಸ್ವಲ್ಪ ನಯ ಮಾಡಿ, ತೂತು ಕೊರೆದು ಸರಕ್ಕೆ ಹಾಕಿಕೊಂಡರು. ಕೆಲವದರ ಮೇಲೆ ಜಹಾಂಗೀರ್, ಶಾಹಜಹಾನ್ ಹೆಸರು ಕೆತ್ತಿಸಿದರು. ನನಗೆ ಈ ರೀತಿ ಹೆಚ್ಚು ಇಷ್ಟ. ಮುಖ ಕೊಯ್ಯುವಾಗ ಕಲ್ಲಿನ ಅರ್ಧ ತೂಕವೇ ಹೋಗಿಬಿಡಬಹುದು. ತೂತಿಗೆ ಹೋಗುವುದು ಒಂದು ಚಿಟಿಕೆ ಪುಡಿ.

ಮುತ್ತಿನಲ್ಲಂತೂ ಈ ಲೆಕ್ಕ ಇನ್ನೂ ಬಿಗಿ. ಹಳೇ ಬಸ್ರಾ ಮುತ್ತಿನ ತೂತು ನೋಡಿದ್ದೀರಾ? ಎಷ್ಟು ಸಣ್ಣ ಅಂದರೆ ಈಗಿನ ದಾರ ಒಳಗೇ ಹೋಗುವುದಿಲ್ಲ. ಸಹಜ ಮುತ್ತಿನ ಬೆಲೆ ತೂಕದ ಮೇಲೆ. ತೂತು ದೊಡ್ಡದಾದಷ್ಟೂ ನಷ್ಟ. ಈಗ ನಮಗೆ ಸಿಗುವುದು ಹೆಚ್ಚಿನದೆಲ್ಲ ಸಾಕಣೆಯ ಮುತ್ತು. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಮೊದಲು ಅರೆಮುತ್ತು ಬೆಳೆಸಿದ, ಅಲ್ಲಿಂದ ಈ ಉದ್ಯಮ ಬೆಳೆಯಿತು. ಸಮುದ್ರದ ಸಾಕಣೆ ಮುತ್ತಿನ ತೂತಿನೊಳಗೆ ಲೆನ್ಸ್ ಹಿಡಿದು ನೋಡಿದರೆ ಹೊರಗಿನ ಮುತ್ತಿನ ಪದರಕ್ಕೂ ಒಳಗೆ ಇಟ್ಟ ಚಿಪ್ಪಿನ ಉಂಡೆಗೂ ನಡುವೆ ಒಂದು ಗೆರೆ ಕಾಣುತ್ತದೆ. ಪದರ ಎಷ್ಟು ದಪ್ಪ ಅಂತ ಅಲ್ಲೇ ಗೊತ್ತಾಗುತ್ತದೆ. ಬಣ್ಣ ಬಳಿದ ಗಾಜಿನ ಮುತ್ತಾದರೆ ತೂತಿನ ಬಾಯಲ್ಲಿ ಬಳಿದ ಪದರ ಸುಲಿದಿರುತ್ತದೆ, ಇಲ್ಲವೇ ಗಂಟುಗಟ್ಟಿರುತ್ತದೆ.

ಕರಿಮಣಿ ಮತ್ತು ಬಣ್ಣದ ಕಲ್ಲುಗಳು

ನಮ್ಮ ಹೆಂಗಸರು ದಿನವೂ ಹಾಕಿಕೊಳ್ಳುವ ಮಣಿ ಅಂದರೆ ಕರಿಮಣಿ. ಅದು ಹೆಚ್ಚಾಗಿ ಗಾಜು. ಗಾಜಿನ ಮಣಿಗೆ ತೂತು ಕೊರೆಯುವ ಕೆಲಸವೇ ಇಲ್ಲ. ಮಣಿಗಿಂತ ಮೊದಲು ತೂತೇ ಹುಟ್ಟುತ್ತದೆ. ಕರಗಿದ ಗಾಜಿನ ಮುದ್ದೆಯೊಳಗೆ ಗಾಳಿಯ ಟೊಳ್ಳು ಮಾಡಿ ಎಳೆದರೆ ಉದ್ದನೆಯ ತೆಳು ಕೊಳವೆ ಬರುತ್ತದೆ. ಅದನ್ನು ಚೂರು ಚೂರು ಕತ್ತರಿಸಿ, ಬೂದಿಯಲ್ಲಿ ಹೊರಳಿಸಿ ಮತ್ತೆ ಕಾಯಿಸಿದರೆ ಅಂಚು ಉರುಟಾಗುತ್ತದೆ. ತೂತಿನಲ್ಲಿ ಬೂದಿ ತುಂಬಿಕೊಂಡಿರುವುದರಿಂದ ಅದು ಮುಚ್ಚಿಹೋಗುವುದಿಲ್ಲ. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಲಾಡಾ ಎಂಬ ಉದ್ದನೆಯ ಕಬ್ಬಿಣದ ಕೊಳವೆ ಬಳಸಿ ಈ ಕೆಲಸ ಮಾಡುವುದನ್ನು ಪೀಟರ್ ಫ್ರಾನ್ಸಿಸ್ ಎಂಬ ಮಣಿ ತಜ್ಞ ದಾಖಲಿಸಿದ್ದಾರೆ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಇಂಥ ಮಣಿ ಆಗುತ್ತಿತ್ತು. ಈ ಬಗೆಯ ಪುಟ್ಟ ಮಣಿಗಳು ಆಗ್ನೇಯ ಏಷ್ಯಾದಲ್ಲೂ ಪೂರ್ವ ಆಫ್ರಿಕಾದಲ್ಲೂ ಸಿಕ್ಕಿವೆ.

ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಕಪ್ಪು ಮಣಿಯ ತೂತಿನ ಒಳಗೋಡೆ ನುಣ್ಣಗೆ ಹೊಳೆಯುತ್ತಿದ್ದರೆ ಅದು ಬಹುತೇಕ ಗಾಜು. ಒಳಗೋಡೆ ಬೆಳ್ಳಗೆ, ಮಂಕಾಗಿ, ಒರಟಾಗಿದ್ದರೆ ಕೊರೆದದ್ದು, ಕಲ್ಲಿರಬಹುದು. ಗಾಜಿನೊಳಗೆ ಗುಳ್ಳೆಗಳಿದ್ದರೆ ಅವುಗಳ ದಿಕ್ಕು ನೋಡಿ. ತೂತಿನ ಉದ್ದಕ್ಕೆ ಎಳೆದಂತೆ ಇದ್ದರೆ ಕೊಳವೆ ಎಳೆದು ಮಾಡಿದ ಮಣಿ. ತೂತಿನ ಸುತ್ತ ಬಳಸಿದಂತೆ ಇದ್ದರೆ ಕಂಬಿಗೆ ಸುತ್ತಿ ಮಾಡಿದ ಮಣಿ.

ಕಪ್ಪು ಕಲ್ಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಓನಿಕ್ಸ್ ಅಂತ ಮಾರುವ ಕಪ್ಪು ಮಣಿ ಬಹುಪಾಲು ಬಣ್ಣ ಹಾಕಿದ ಅಗೇಟ್. ಕಲ್ಲನ್ನು ಸಕ್ಕರೆ ನೀರಲ್ಲಿ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಹಾಕುತ್ತಾರೆ. ಒಳಗೆ ಇಳಿದ ಸಕ್ಕರೆ ಇದ್ದಿಲಾಗುತ್ತದೆ. ಜರ್ಮನಿಯ ಇದಾರ್-ಓಬರ್‌ಸ್ಟೈನ್ ಎಂಬ ಊರು 19ನೇ ಶತಮಾನದಿಂದ ಇಂಥ ಬಣ್ಣದ ಕೆಲಸಕ್ಕೆ ಹೆಸರುವಾಸಿ. ಈ ಕಪ್ಪು ಹೋಗುವುದಿಲ್ಲ, ಹಾಗಾಗಿ ನನಗೆ ತಕರಾರಿಲ್ಲ. ತಕರಾರಿರುವುದು ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಹಾಕಿ ಫಿರೋಜ ಅಂತ ಮಾರುವುದರ ಬಗ್ಗೆ, ಅಗ್ಗದ ಕಲ್ಲಿಗೆ ಹಸಿರು ಹಾಕಿ ಜೇಡ್ ಅಂತ ಮಾರುವುದರ ಬಗ್ಗೆ. ಕಲ್ಲಿನ ನಿಜವಾದ ಹೆಸರು ಹೇಳಿ ಮಾರಿದರೆ ಕೊಳ್ಳುವವರು ಕೊಳ್ಳುತ್ತಾರೆ.

ಇಂಥ ಬಣ್ಣವೂ ತೂತಿನಲ್ಲೇ ಸಿಕ್ಕಿಬೀಳುತ್ತದೆ. ಬಣ್ಣ ಬಿರುಕುಗಳಲ್ಲಿ ಮತ್ತು ತೂತಿನ ಬಾಯಲ್ಲಿ ಜಾಸ್ತಿ ಕೂತಿರುತ್ತದೆ. ಕೆಲವೊಮ್ಮೆ ತದ್ವಿರುದ್ಧ. ಬಣ್ಣ ಹಾಕಿದ ಮೇಲೆ ಕೊರೆದಿದ್ದರೆ ಹೊರಗೆ ಗಾಢ ನೀಲಿ, ಒಳಗೆ ಬಿಳಿ. ಪೋಣಿಸಿದ ದಾರವನ್ನೂ ನೋಡಿ, ಅದಕ್ಕೆ ಬಣ್ಣ ಹತ್ತಿದ್ದರೆ ಬೇರೆ ಸಾಕ್ಷಿ ಬೇಡ. ಅನುಮಾನ ಬಂದರೆ ಹತ್ತಿಯ ಕಡ್ಡಿಗೆ ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಒಂದು ಹನಿ ಹಾಕಿ ತೂತಿನ ಬಾಯಿ ಒರೆಸಿ. ಅಂಗಡಿಯವರನ್ನು ಕೇಳಿಯೇ ಮಾಡಿ. ಮುತ್ತು, ಹವಳ, ಅಂಬರ್‌ಗೆ ಮಾತ್ರ ಇದನ್ನು ಮಾಡಲೇಬೇಡಿ, ಹಾಳಾಗುತ್ತವೆ.

ದಾರ

ಸರ ಕಿತ್ತುಹೋದಾಗ ಎಲ್ಲರೂ ದಾರವನ್ನು ಬೈಯುತ್ತಾರೆ. ನನ್ನ ಹತ್ತಿರ ರಿಪೇರಿಗೆ ಬರುವ ಸರಗಳಲ್ಲಿ ಎಷ್ಟೋ ಸಲ ತಪ್ಪು ದಾರದ್ದಲ್ಲ, ತೂತಿನ ಅಂಚಿನದು. ಅವಸರದಲ್ಲಿ ಕೊರೆದ ಕಲ್ಲಿನ ಬಾಯಿ ಬ್ಲೇಡಿನಷ್ಟು ಚೂಪು. ಕೊರಳು ತಿರುಗಿಸಿದಾಗೆಲ್ಲ ದಾರದ ಮೇಲೆ ಸಣ್ಣಗೆ ಗೀರುತ್ತದೆ. ಪೋಣಿಸುವ ಮುಂಚೆ ರೀಮರ್ ಎಂಬ, ವಜ್ರದ ಪುಡಿ ಹಚ್ಚಿದ ಮೊನಚು ಕಡ್ಡಿಯಿಂದ ಎರಡೂ ಬಾಯಿಯನ್ನು ನಯ ಮಾಡಿಕೊಳ್ಳಿ. ಮಣಿ ನೀರಲ್ಲಿ ಮುಳುಗಿರಲಿ. ಬೇಸರದ ಕೆಲಸ, ಒಪ್ಪುತ್ತೇನೆ. 16 ಇಂಚಿನ ಸರಕ್ಕೆ 8 ಮಿಲಿಮೀಟರ್ ಮಣಿ ಸುಮಾರು 50 ಬೇಕು, ಅಂದರೆ 100 ಬಾಯಿ. ಮಾಡಿದವರ ಸರ ವರ್ಷಗಟ್ಟಲೆ ಉಳಿಯುತ್ತದೆ.

ದಾರ ತೂತಿಗೆ ತುಂಬಿಕೊಂಡಂತಿರಬೇಕು. ಸಡಿಲವಾಗಿದ್ದರೆ ಮಣಿ ಓಡಾಡಿ ದಾರ ಸವೆಯುತ್ತದೆ. ಮುತ್ತಿಗೆ ರೇಷ್ಮೆ ಒಳ್ಳೆಯದು, ಪ್ರತಿ ಮುತ್ತಿನ ನಡುವೆ ಗಂಟು. ಗಂಟಿದ್ದರೆ ಮುತ್ತು ಮುತ್ತಿಗೆ ಉಜ್ಜುವುದಿಲ್ಲ. ದಾರ ಕಿತ್ತರೂ ಬೀಳುವುದು ಒಂದೇ. ಭಾರದ ಕಲ್ಲಿಗೆ ನೈಲಾನ್ ಹೊದಿಸಿದ ಉಕ್ಕಿನ ಎಳೆ ಗಟ್ಟಿ. ಕೊಂಡಿಯ ಹತ್ತಿರ ದಾರ ಬರಿಯಾಗಿ ಲೋಹಕ್ಕೆ ತಾಗಬಾರದು. ಅಲ್ಲಿಗೆ ಫ್ರೆಂಚ್ ವೈರ್ ಅನ್ನುವ ಸುರುಳಿ ತಂತಿಯ ತೋಳು ಹಾಕಿ.

ನಮ್ಮ ಕಡೆ ರೇಷ್ಮೆ ದಾರ ಹೊಸೆದು ಸರಕ್ಕೆ ಕುಚ್ಚು ಕಟ್ಟಿಕೊಡುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಹಳೇ ಪೇಟೆಗಳಲ್ಲಿ ಚಿನಿವಾರರ ಅಂಗಡಿ ಸಾಲಿನ ಕೊನೆಗೆ, ಜಗಲಿಯ ಮೇಲೆ ಕೂತಿರುತ್ತಾರೆ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಳೆದು ಹಿಡಿದು, ಎರಡೂ ಕೈಯಲ್ಲಿ ಗಂಟು ಹಾಕುತ್ತಾರೆ. ಗುಂಡಿನ ಸರ, ಅವಲಕ್ಕಿ ಸರ, ಉತ್ತರ ಕರ್ನಾಟಕದ ಬೋರಮಾಳ ಎಲ್ಲಕ್ಕೂ ಇವರ ಕೈ ಬೇಕು. ಬೋರಮಾಳದ ಚಿನ್ನದ ಗುಂಡು ಒಳಗೆ ಟೊಳ್ಳು, ಅದಕ್ಕೆ ಅರಗು ತುಂಬಿರುತ್ತಾರೆ. ತೂತು ಹೋಗುವುದು ಆ ಅರಗಿನ ನಡುವೆ. ಬಿಸಿನೀರಲ್ಲಿ ತೊಳೆದರೆ ಅರಗು ಮೆತ್ತಗಾಗಿ ದಾರ ಅಂಟಿಕೊಳ್ಳುತ್ತದೆ, ನೆನಪಿಡಿ. ನಿಮ್ಮ ಊರಲ್ಲಿ ಇಂಥವರು ಯಾರಾದರೂ ಇದ್ದರೆ ಹೋಗಿ ಪಕ್ಕದಲ್ಲಿ ಕೂತು ನೋಡಿ. ಯೂಟ್ಯೂಬಿನಲ್ಲಿ ಗಂಟು ಕಾಣುತ್ತದೆ. ದಾರವನ್ನು ಎಷ್ಟು ಬಿಗಿ ಎಳೆಯಬೇಕು ಅನ್ನುವುದು ಪಕ್ಕದಲ್ಲಿ ಕೂತರೆ ಮಾತ್ರ ತಿಳಿಯುತ್ತದೆ.

ಸಭೆಯ ಪ್ರಶ್ನೆಗಳು

*ಗುಲಗಂಜಿ ಮಣಿಯ ಸರ ಮಾಡಬಹುದಾ? ಬಣ್ಣ ಬಹಳ ಚೆನ್ನಾಗಿದೆ.*

ದಯವಿಟ್ಟು ಮಾಡಬೇಡಿ. ಗುಲಗಂಜಿಯ ಒಳಗೆ ಅಬ್ರಿನ್ ಎಂಬ ಭಯಂಕರ ವಿಷ ಇದೆ. ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದಾಗ ಬೀಜ ಇಡಿಯಾಗಿತ್ತು, ಗಟ್ಟಿ ಸಿಪ್ಪೆ ವಿಷವನ್ನು ಒಳಗೇ ಹಿಡಿದಿಟ್ಟಿತ್ತು. ನೀವು ತೂತು ಕೊರೆದ ಕ್ಷಣ ಆ ಕಾವಲು ಹೋಯಿತು. ಕೊರೆಯುವವರಿಗೂ ಅಪಾಯ, ಆ ಸರವನ್ನು ಮಗು ಬಾಯಿಗೆ ಹಾಕಿಕೊಂಡರೂ ಅಪಾಯ. ಕೆಂಪು ಬಣ್ಣವೇ ಬೇಕಿದ್ದರೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ತನ್ನಿ. ಹಗುರ, ತೂತು ದೊಡ್ಡದು, ಕಲಿಯುವವರಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

*ರುದ್ರಾಕ್ಷಿಯ ತೂತು?*

ಅದು ಹುಟ್ಟಿನಿಂದಲೇ ಬಂದದ್ದು. ಕಾಯಿಯ ನಡುವೆ ಮೇಲಿಂದ ಕೆಳಗೆ ಸಹಜವಾಗಿ ದಾರಿ ಇರುತ್ತದೆ. ಡ್ರಿಲ್ ಹಾಕಿ ಅದನ್ನು ಸ್ವಚ್ಛ ಮಾಡುತ್ತಾರೆ ಅಷ್ಟೆ.

*ಮಣಿಯ ತೂತು ಸಣ್ಣದಿದೆ. ಮನೆಯಲ್ಲೇ ದೊಡ್ಡದು ಮಾಡಬಹುದಾ?*

ಸ್ವಲ್ಪ ಮಟ್ಟಿಗೆ ಮಾಡಬಹುದು. ಕಲ್ಲು ಯಾವಾಗಲೂ ನೀರೊಳಗೇ ಇರಲಿ. ಒಣಗಲ್ಲು ಕೊರೆದರೆ ಆಗಲೇ ಹೇಳಿದ ಧೂಳು ನಿಮ್ಮ ಮನೆಯಲ್ಲೇ ಏಳುತ್ತದೆ. ಎರಡೂ ಕಡೆಯಿಂದ ಮಾಡಿ, ಒತ್ತಬೇಡಿ, ಆಗಾಗ ಮೊನೆ ಹೊರಗೆ ತೆಗೆಯಿರಿ. ಮುತ್ತಿಗೆ ಕೈ ರೀಮರ್ ಸಾಕು. ಕರೆಂಟಿನ ಡ್ರಿಲ್ ಇದ್ದರೆ ಪ್ಲಗ್ಗಿನ ತಂತಿ ನೀರಿನಿಂದ ದೂರ ಇರಲಿ, ಬ್ಯಾಟರಿಯದ್ದಾದರೆ ಇನ್ನೂ ಒಳ್ಳೆಯದು.

*ಅಜ್ಜಿಯ ಕಾಲದ ಹವಳದ ಸರ ಇದೆ. ದಾರ ಕಪ್ಪಾಗಿದೆ. ಹಾಗೇ ಇಡಲೋ, ಹೊಸದಾಗಿ ಪೋಣಿಸಲೋ?*

ಪೋಣಿಸಿ. ದಾರದಲ್ಲಿ ಸೇರಿಕೊಂಡ ಬೆವರು, ಎಣ್ಣೆ ಹವಳಕ್ಕೆ ಒಳ್ಳೆಯದಲ್ಲ. ಹವಳ ಸುಣ್ಣದ ಜಾತಿಯದು, ಹುಳಿ ತಾಗಿದರೆ ಕರಗುತ್ತದೆ. ಹಾಗಾಗಿ ನಿಂಬೆಹಣ್ಣು, ಹುಣಸೆಹಣ್ಣು, ವಿನಿಗರ್ ಯಾವುದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಹಳೇ ಹವಳಗಳ ತೂತು ಒಂದೇ ಸಮ ಇರುವುದಿಲ್ಲ. ಅತಿ ಸಣ್ಣ ತೂತಿಗೆ ಹೋಗುವ ದಾರವನ್ನೇ ಆರಿಸಿಕೊಂಡು, ದೊಡ್ಡ ತೂತಿನ ಮಣಿಯ ಪಕ್ಕ ಗಂಟನ್ನು ದಪ್ಪ ಮಾಡಿ. ದೊಡ್ಡ ಮಣಿ ನಡುವೆ, ಸಣ್ಣವು ಹಿಂದೆ ಅಂತ ಅವರು ಅಳತೆ ನೋಡಿ ಜೋಡಿಸಿರುತ್ತಾರೆ. ಆ ಕ್ರಮ ಕಳೆಯಬಾರದು. ಮೊದಲು ಸರವನ್ನು ನೇರವಾಗಿ ಹಾಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಪಕ್ಕದಲ್ಲಿ ಮಡಿಕೆ ಹಾಕಿದ ಟವೆಲ್ ಇಟ್ಟು, ಬಿಚ್ಚಿದ ಮಣಿಯನ್ನು ಅದೇ ಸಾಲಿನಲ್ಲಿ ಮಡಿಕೆಯೊಳಗೆ ಇಡುತ್ತಾ ಹೋಗಿ. ಹಳೇ ದಾರ ಕತ್ತರಿಸುವುದು ಆಮೇಲೆ.